ಪಕ್ಕವಾದ್ಯ ಯಾರು? ಬೋಝಾರ್ ಟ್ರಿಯೋದ 53 ವರ್ಷ

ಎಲ್ಲರಿಗೂ ನಮಸ್ಕಾರ. ಬೆಳಿಗ್ಗೆಯಿಂದ ಬಿಡದೆ ಮಳೆ, ಆದ್ರೂ ಇಷ್ಟು ಜನ ಬಂದಿದೀರ, ತುಂಬಾ ಸಂತೋಷ ಆಯ್ತು. ಹಿಂದೆ ಕೂತಿರೋರಿಗೆ ಕೇಳಿಸ್ತಿದೆ ಅಲ್ವಾ? ಸರಿ.

ಇವತ್ತು ಒಂದು ಪಿಯಾನೋ ಟ್ರಿಯೋ ಬಗ್ಗೆ ಮಾತಾಡ್ತೀನಿ. ಪಿಯಾನೋ ಟ್ರಿಯೋ ಅಂದ್ರೆ ಮೂರು ಪಿಯಾನೋ ಅಲ್ಲ, ಒಂದು ಪಿಯಾನೋ, ಒಂದು ಪಿಟೀಲು, ಒಂದು ಚೆಲ್ಲೋ. ಚೆಲ್ಲೋ ಅಂದ್ರೆ ಪಿಟೀಲಿನ ದೊಡ್ಡಣ್ಣ, ಕುರ್ಚಿ ಮೇಲೆ ಕೂತು ಮೊಣಕಾಲುಗಳ ಮಧ್ಯೆ ಇಟ್ಕೊಂಡು ನುಡಿಸ್ತಾರೆ, ಅದರ ದನಿ ಗಂಡಸಿನ ಗಂಟಲಿಗೆ ತುಂಬಾ ಹತ್ರ. ಈ ಮೂರು ವಾದ್ಯ ಇಟ್ಕೊಂಡು 1955ರಲ್ಲಿ ಅಮೆರಿಕದಲ್ಲಿ ಶುರುವಾಗಿ 2008ರವರೆಗೆ ನುಡಿಸಿದ ಒಂದು ತಂಡ ಇತ್ತು, ಬೋಝಾರ್ ಟ್ರಿಯೋ ಅಂತ. ಫ್ರೆಂಚ್ ಪದ, ಲಲಿತಕಲೆ ಅಂತ ಅರ್ಥ. ಈ 53 ವರ್ಷದಲ್ಲಿ ಪಿಟೀಲಿಗೆ ಐದು ಜನ ಬಂದು ಹೋದ್ರು, ಚೆಲ್ಲೋಗೆ ಮೂರು ಜನ, ಪಿಯಾನೋ ಮುಂದೆ ಮಾತ್ರ ಮೊದಲಿಂದ ಕೊನೆವರೆಗೂ ಒಬ್ಬರೇ ಮನುಷ್ಯ, ಮೆನಾಹೆಮ್ ಪ್ರೆಸ್ಲರ್. ಒಟ್ಟು ಒಂಬತ್ತು ಜನ. ಜನ ಬದಲಾದ್ರೂ ತಂಡ ಅದೇ ಆಗಿ ಉಳಿಯಿತಲ್ಲ, ಅದು ಹೇಗೆ ಅನ್ನೋದು ನನ್ನನ್ನ ಎಷ್ಟೋ ವರ್ಷದಿಂದ ಕಾಡ್ತಿರೋ ಪ್ರಶ್ನೆ, ಅದನ್ನೇ ಇವತ್ತು ನಿಮ್ಮ ಮುಂದೆ ಇಡ್ತೀನಿ.

ಮೊದಲು ಒಂದು ಹಳೇ ವಿಷಯ. ನಮ್ಮ ಕಛೇರೀಲಿ ಹಾಡೋರು ಮಧ್ಯೆ, ಪಿಟೀಲು ಎಡಗಡೆ, ಮೃದಂಗ ಬಲಗಡೆ, ಅವು ಪಕ್ಕವಾದ್ಯ. ಪಿಯಾನೋ ಟ್ರಿಯೋನೂ ಶುರುವಾಗಿದ್ದು ಹೀಗೇನೇ. ಹೈಡನ್ ಅನ್ನೋ ಸಂಯೋಜಕನ ಕಾಲದಲ್ಲಿ, ಅಂದ್ರೆ 1780–90ರ ದಶಕದಲ್ಲಿ, ಈ ಕೃತಿಗಳನ್ನ ಅಚ್ಚು ಹಾಕ್ತಿದ್ದಾಗ ಮೇಲೆ ಟ್ರಿಯೋ ಅಂತ ಇರ್ತಿರಲಿಲ್ಲ, ಪಿಯಾನೋಗಾಗಿ ಸೊನಾಟಾ, ಪಿಟೀಲು ಮತ್ತು ಚೆಲ್ಲೋ ಪಕ್ಕವಾದ್ಯದ ಜೊತೆ ಅಂತ ಇರ್ತಿತ್ತು. ಅಕ್ಷರಶಃ ಪಕ್ಕವಾದ್ಯ. ಆಗಿನ ಪಿಯಾನೋಗಳ ಕೆಳಗಿನ ಸ್ವರಗಳು ಬಹಳ ಬೇಗ ಆರಿಹೋಗ್ತಿದ್ವು, ಅದಕ್ಕೇ ಚೆಲ್ಲೋ ಸುಮ್ನೆ ಪಿಯಾನೋದವರ ಎಡಗೈ ಹಿಂದೆ ಹಿಂದೆ ಅದೇ ಸ್ವರ ಹಿಡ್ಕೊಂಡು ಹೋಗ್ಬೇಕು, ಆಸರೆ ಕೊಡೋ ಹಾಗೆ. ಆಮೇಲೆ ಬೀಥೋವನ್ ಬಂದ, 1795ರಲ್ಲಿ ತನ್ನ ಮೊದಲನೇ ನಂಬರ್ ಹಾಕಿ ಅಚ್ಚು ಮಾಡಿಸಿದ್ದೇ ಮೂರು ಟ್ರಿಯೋಗಳನ್ನ, ಅಲ್ಲಿಂದ ಚೆಲ್ಲೋಗೆ ಮಾತಾಡೋಕೆ ಬಾಯಿ ಬಂತು, ಷೂಬರ್ಟ್, ಮೆಂಡೆಲ್ಸನ್, ಷೂಮನ್, ಬ್ರಾಮ್ಸ್, ದ್ವೋರ್ಝಾಕ್ ಹೀಗೆ ಬರ್ತಾ ಬರ್ತಾ ಮೂರೂ ಸಮ ಆದ್ವು. 1944ರಲ್ಲಿ ಷೋಸ್ಟಕೋವಿಚ್ ತನ್ನ ಗೆಳೆಯ ಸತ್ತ ದುಃಖದಲ್ಲಿ ಬರೆದ ಟ್ರಿಯೋ ಇದೆಯಲ್ಲ, ಅದು ಶುರುವಾಗೋದನ್ನ ಒಂದ್ಸಲ ಕೇಳಿ. ಚೆಲ್ಲೋ ತಂತಿ ಮೇಲೆ ಬೆರಳು ಒತ್ತದೆ ಸುಮ್ನೆ ಸೋಕಿಸಿ, ಶಿಳ್ಳೆ ತರ ತೆಳ್ಳಗೆ, ಎಲ್ಲಕ್ಕಿಂತ ಮೇಲಿನ ಸ್ಥಾಯಿಯಲ್ಲಿ ಒಂಟಿಯಾಗಿ ಶುರು ಮಾಡುತ್ತೆ, ಪಿಟೀಲು ಅದಕ್ಕಿಂತ ಕೆಳಗೆ ಬಂದು ಸೇರ್ಕೊಳ್ಳುತ್ತೆ, ಪಿಯಾನೋ ಪಾತಾಳದಲ್ಲಿ. ದೊಡ್ಡಣ್ಣ ಮೇಲೆ, ತಮ್ಮ ಕೆಳಗೆ. ಕಣ್ಣು ಮುಚ್ಚಿ ಕೇಳಿದ್ರೆ ಯಾವುದು ಯಾವ ವಾದ್ಯ ಅಂತಾನೇ ತಿಳಿಯಲ್ಲ.

ಆದ್ರೆ ಕಾಗದದ ಮೇಲೆ ಸಮ ಆಗೋದು ಬೇರೆ, ವೇದಿಕೆ ಮೇಲೆ ಸಮ ಆಗೋದು ಬೇರೆ. ಈ ಮೂರು ವಾದ್ಯಗಳಿಗೆ ಸ್ವಭಾವದಲ್ಲೇ ಹೊಂದಾಣಿಕೆ ಇಲ್ಲ. ನಮ್ಮಲ್ಲಿ ಹಾರ್ಮೋನಿಯಂ ಬಗ್ಗೆ ಎಷ್ಟು ಜಗಳ ಆಗಿದೆ ನೆನಪು ಮಾಡ್ಕೊಳ್ಳಿ, 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಮೇಲೆ ನಿಷೇಧ ಹಾಕಿ ದಶಕಗಟ್ಟಲೆ ಹಾಗೇ ಇಟ್ಟಿತ್ತು, ಕಾರಣ ಏನು, ಅದರ ಸ್ವರಗಳು ಕಟ್ಟಿಟ್ಟ ಸ್ವರಗಳು, ಗಂಟಲು ಹೋದ ಕಡೆ ಅದು ಹೋಗಲ್ಲ ಅಂತ. ಪಿಯಾನೋನೂ ಹಾಗೇ. ಟ್ಯೂನ್ ಮಾಡೋರು ಬೆಳಿಗ್ಗೆ ಬಂದು ಎಲ್ಲಿಗೆ ಕಟ್ಟಿ ಹೋದ್ರೋ ಸ್ವರ ಅಲ್ಲೇ. ಪಿಟೀಲು ಚೆಲ್ಲೋದವರ ಬೆರಳು ಮಾತ್ರ ಸ್ವತಂತ್ರ, ಒಂದು ಸ್ವರಾನ ಕೂದಲೆಳೆಯಷ್ಟು ಮೇಲೆ ಇಡ್ಬೇಕು ಅನ್ಸುತ್ತೆ, ಪಿಯಾನೋ ಪಕ್ಕದಲ್ಲಿದ್ರೆ ಹಾಗೆ ಇಟ್ರೆ ಕಿವಿಗೆ ಚುಚ್ಚುತ್ತೆ. ಇನ್ನೊಂದು, ಪಿಯಾನೋ ಸ್ವರ ಹೊಡೆದ ಕ್ಷಣದಿಂದ ಸಾಯೋಕೆ ಶುರು ಮಾಡುತ್ತೆ, ಅದನ್ನ ಬೆಳೆಸೋಕೆ ಆಗಲ್ಲ, ಬಿಲ್ಲಿನ ವಾದ್ಯದವರು ಒಂದೇ ಸ್ವರಾನ ಬೇಕಾದಷ್ಟು ಹೊತ್ತು ಬೆಳೆಸಬಹುದು, ಹಾಗಾಗಿ ಒಂದೇ ಸಾಲನ್ನ ಇಬ್ಬರೂ ಒಬ್ಬರಾದ ಮೇಲೆ ಒಬ್ಬರು ನುಡಿಸುವಾಗ ಅದು ಒಂದೇ ಸಾಲು ಅಂತ ಕೇಳಿಸ್ಬೇಕಾದ್ರೆ ಪಿಯಾನೋದವರು ಹಾಡಿದ ಭ್ರಮೆ ಹುಟ್ಟಿಸ್ಬೇಕು, ಬಿಲ್ಲಿನವರು ಆರಿಹೋಗೋದನ್ನ ಕಲೀಬೇಕು. ಮೂರನೇದು ಸದ್ದು. ಈಗಿನ ದೊಡ್ಡ ಪಿಯಾನೋ ಮನಸ್ಸು ಮಾಡಿದ್ರೆ ಚೆಲ್ಲೋನ ನುಂಗಿ ನೀರು ಕುಡಿಯುತ್ತೆ.

ಬೀಥೋವನ್‌ನ ಆರ್ಚ್‌ಡ್ಯೂಕ್ ಟ್ರಿಯೋ ಮೊದಲ ಸಲ ಜನರ ಮುಂದೆ ಬಂದಿದ್ದು 1814ರಲ್ಲಿ, ವಿಯೆನ್ನಾದಲ್ಲಿ, ಪಿಯಾನೋಗೆ ಬೀಥೋವನ್ನೇ ಕೂತಿದ್ದ, ಆಗಲೇ ಕಿವಿ ಹೋಗಿತ್ತು. ಅದರ ರಿಹರ್ಸಲ್ ಕೇಳಿದ ಲೂಯಿ ಷ್ಪೋರ್ ಅನ್ನೋ ಪಿಟೀಲುವಾದಕ ತನ್ನ ಆತ್ಮಕಥೇಲಿ ಬರ್ಕೊಂಡಿದಾನೆ, ಜೋರಾಗಿ ಬರೋ ಕಡೆ ಪಾಪ ಈ ಮನುಷ್ಯ ತಂತಿಗಳು ಝಣಝಣ ಅನ್ನೋ ಹಾಗೆ ಹೊಡೀತಿದ್ದ, ಮೆಲ್ಲಗೆ ಬರೋ ಕಡೆ ಎಷ್ಟು ಮೆಲ್ಲಗೆ ಒತ್ತುತಿದ್ದ ಅಂದ್ರೆ ಸ್ವರಗಳೇ ಹುಟ್ಟುತಿರಲಿಲ್ಲ ಅಂತ. ಅದನ್ನ ಓದಿದಾಗೆಲ್ಲ ನಂಗೆ ಗಂಟಲು ಕಟ್ಟುತ್ತೆ. ಆ ಸಂಗೀತಾನ ಬರೆದವನಿಗೇ ಪಕ್ಕದಲ್ಲಿ ಕೂತ ಇಬ್ಬರು ಏನು ನುಡಿಸ್ತಿದಾರೆ ಅಂತ ಕೇಳಿಸ್ತಿರಲಿಲ್ಲ.

ಇಷ್ಟು ಕಷ್ಟ ಇದ್ದಿದ್ರಿಂದಾನೋ ಏನೋ, ಟ್ರಿಯೋ ಅನ್ನೋದು ಬಹಳ ಕಾಲ ದೊಡ್ಡ ದೊಡ್ಡ ಸೋಲೋ ಕಲಾವಿದರು ಬಿಡುವಾದಾಗ ಸೇರ್ಕೊಂಡು ನುಡಿಸೋ ವಿಷಯ ಆಗಿತ್ತು. ಕೊರ್ತೋ, ಟಿಬೋ, ಕಸಾಲ್ಸ್ ಅನ್ನೋ ಮೂವರು 20ನೇ ಶತಮಾನದ ಶುರುವಿಂದ ಹೀಗೆ ನುಡಿಸಿದ್ರು, 1926ರ ಅವರ ಷೂಬರ್ಟ್ ರೆಕಾರ್ಡಿಂಗ್ ಇವತ್ತಿಗೂ ಸಿಗುತ್ತೆ, ಕರಕರ ಸದ್ದಿನ ಹಿಂದೆ ಎಂಥ ಬೆಳಕು ಅದು. ಆಮೇಲೆ 1949ರಲ್ಲಿ ರೂಬಿನ್‌ಸ್ಟೈನ್, ಹೈಫೆಟ್ಸ್, ಪಿಯಾಟಿಗೋರ್ಸ್ಕಿ ಸೇರಿದ್ರು, ಪೇಪರಿನವರು ಮಿಲಿಯನ್ ಡಾಲರ್ ಟ್ರಿಯೋ ಅಂತ ಹೆಸರಿಟ್ರು, ಅಲ್ಲಿ ಯಾರ ಹೆಸರು ಮೊದಲು ಹಾಕೋದು ಅನ್ನೋ ವಿಷಯಕ್ಕೇ ಮನಸ್ತಾಪ ಆಯ್ತು, ಬಹಳ ದಿನ ನಡೀಲಿಲ್ಲ. ಬೋಝಾರ್ ಅನ್ನೋ ಹೆಸರಲ್ಲಿ ಯಾರ ಹೆಸರೂ ಇಲ್ಲ ಅನ್ನೋದನ್ನ ಇಲ್ಲಿ ಗಮನಿಸಿ. ನನ್ನ ಮಟ್ಟಿಗೆ ಅದು ಸಣ್ಣ ವಿಷಯ ಅಲ್ಲ.

ಈಗ ಆ ಮೂರು ಜನದ ಹತ್ರ ಬರೋಣ.

ಪ್ರೆಸ್ಲರ್ ಹುಟ್ಟಿದ್ದು 1923ರ ಡಿಸೆಂಬರ್‌ನಲ್ಲಿ, ಜರ್ಮನಿಯ ಮಾಗ್ಡೆಬುರ್ಗ್ ಊರಲ್ಲಿ. ಯಹೂದಿ ಕುಟುಂಬ, ಅಪ್ಪಂದು ಗಂಡಸರ ಬಟ್ಟೆ ಅಂಗಡಿ. 1938ರ ನವೆಂಬರ್‌ನಲ್ಲಿ ನಾಜಿಗಳು ಒಂದೇ ರಾತ್ರೀಲಿ ದೇಶದ ತುಂಬಾ ಯಹೂದಿಗಳ ಅಂಗಡಿ ಮನೆ ಪ್ರಾರ್ಥನಾ ಮಂದಿರಗಳನ್ನ ಒಡೆದ್ರಲ್ಲ, ಆವಾಗ ಇವರ ಅಂಗಡೀನೂ ಒಡೆದ್ರು. ಹುಡುಗನಿಗೆ ಆಗ ಇನ್ನೂ 14. ಅವನಿಗೆ ಪಿಯಾನೋ ಹೇಳಿಕೊಡ್ತಿದ್ದೋರು ಒಬ್ಬ ಚರ್ಚಿನ ಆರ್ಗನ್ ವಾದಕ, ಯಹೂದಿ ಅಲ್ಲ, ಅಂಥ ದಿನಗಳಲ್ಲೂ ಆ ಮೇಷ್ಟ್ರು ಕದ್ದುಮುಚ್ಚಿ ಪಾಠ ಮುಂದುವರಿಸಿದ್ರು. 1939ರಲ್ಲಿ ಅಪ್ಪ ಅಮ್ಮ ಮಕ್ಕಳು ಇಟಲಿಯ ಟ್ರಿಯೆಸ್ಟೆಗೆ ಓಡಿ, ಅಲ್ಲಿಂದ ಹಡಗು ಹತ್ತಿ ಪ್ಯಾಲೆಸ್ಟೈನಿನ ಹೈಫಾ ಸೇರಿದ್ರು. ಹಿಂದೆ ಉಳಿದ ಅಜ್ಜ ಅಜ್ಜಿ, ಚಿಕ್ಕಪ್ಪ ಚಿಕ್ಕಮ್ಮಂದಿರು, ಅವರ ಮಕ್ಕಳು ಕ್ಯಾಂಪುಗಳಲ್ಲಿ ಸತ್ರು. ಹೈಫಾಗೆ ಬಂದ ಮೇಲೆ ಹುಡುಗನಿಗೆ ಊಟಾನೇ ಸೇರ್ತಿರಲಿಲ್ಲ, ಸೊರಗಿ ಸೊರಗಿ ಕಡ್ಡಿ ಆದ, ಒಂದಿನ ಪಾಠದ ಹೊತ್ತಲ್ಲಿ ಬೀಥೋವನ್‌ನ 110ನೇ ನಂಬರಿನ ಸೊನಾಟಾ ನುಡಿಸ್ತಾ ನುಡಿಸ್ತಾ ಮೂರ್ಛೆ ಬಿದ್ದುಬಿಟ್ಟ. ಇದನ್ನ ಅವರು ಮುಂದೆ ಎಷ್ಟೋ ಸಂದರ್ಶನಗಳಲ್ಲಿ ಹೇಳಿಕೊಂಡಿದಾರೆ, ಆ ಸಂಗೀತಾನೇ ತನ್ನನ್ನ ಮತ್ತೆ ಬದುಕೋ ಕಡೆ ತಿರುಗಿಸ್ತು ಅಂತ. 1946ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡೆಬ್ಯುಸಿ ಹೆಸರಿನ ಸ್ಪರ್ಧೆ ಗೆದ್ರು, ಸೋಲೋ ಕಲಾವಿದ ಆಗೋ ದಾರಿ ತೆರೀತು.

ಪಿಟೀಲಿನ ಡೇನಿಯಲ್ ಗಿಲೆ ಇವರಿಗಿಂತ 24 ವರ್ಷ ದೊಡ್ಡೋರು. ರಷ್ಯಾದ ರೊಸ್ತೋವ್‌ನಲ್ಲಿ 1899ರಲ್ಲಿ ಹುಟ್ಟಿ, ಪ್ಯಾರಿಸ್ಸಿನಲ್ಲಿ ಬೆಳೆದು ಕಲಿತೋರು, ಅಲ್ಲಿ ಕಾಲ್ವೆ ಕ್ವಾರ್ಟೆಟ್ ಅನ್ನೋ ನಾಲ್ಕು ಬಿಲ್ಲಿನ ವಾದ್ಯಗಳ ತಂಡದಲ್ಲಿ ನುಡಿಸ್ತಿದ್ರು, 1941ರಲ್ಲಿ ಯುದ್ಧದ ಕಾರಣ ಅಮೆರಿಕಕ್ಕೆ ಬಂದು, ಟೊಸ್ಕನೀನಿ ನಡೆಸ್ತಿದ್ದ ಎನ್‌ಬಿಸಿ ಆರ್ಕೆಸ್ಟ್ರಾದಲ್ಲಿ ಮುಂದಿನ ಸಾಲಿನ ಮೊದಲ ಪಿಟೀಲು ಆದ್ರು. ಟೊಸ್ಕನೀನಿ ಎದುರು ಆ ಕುರ್ಚೀಲಿ ಕೂತೋರು ಅಂದ್ರೆ ಎಂಥ ಶಿಸ್ತು ಇರಬೇಕು ಲೆಕ್ಕ ಹಾಕಿ.

ಚೆಲ್ಲೋದ ಬರ್ನಾರ್ಡ್ ಗ್ರೀನ್‌ಹೌಸ್ ಅಮೆರಿಕದೋರೇ, 1916ರಲ್ಲಿ ನ್ಯೂಜರ್ಸಿಯ ನ್ಯೂವಾರ್ಕ್‌ನಲ್ಲಿ ಹುಟ್ಟಿದೋರು. ಯುದ್ಧ ಮುಗಿದ ಮೇಲೆ 1946ರಲ್ಲಿ ಇವರು ಫ್ರಾನ್ಸಿನ ಪ್ರಾಡ್ ಅನ್ನೋ ಬೆಟ್ಟದ ತಪ್ಪಲಿನ ಸಣ್ಣ ಊರಿಗೆ ಹೋದ್ರು, ಅಲ್ಲಿ ಸರ್ವಾಧಿಕಾರಿ ಫ್ರಾಂಕೋನ ಸ್ಪೇನ್ ಬಿಟ್ಟು ಬಂದ ಕಸಾಲ್ಸ್ ಇದ್ರು, ಆಗಲೇ ಹೇಳಿದ್ನಲ್ಲ ಆ ಹಳೇ ಟ್ರಿಯೋದ ಕಸಾಲ್ಸ್. ಅವರ ಪಾಠದ ಒಂದು ಕಥೆ ಇದೆ, ನಂಗೆ ಬಹಳ ಇಷ್ಟ. ಬಾಖ್ ಒಂಟಿ ಚೆಲ್ಲೋಗೆ ಬರೆದ ಡಿ ಮೈನರ್ ಸೂಟ್, ಅಂದ್ರೆ ನೃತ್ಯದ ತುಂಡುಗಳ ಸರಣಿ, ಅದನ್ನ ತಗೊಂಡು ಕಸಾಲ್ಸ್ ಒಂದೊಂದು ಸ್ವರಕ್ಕೂ ಇದೇ ಬೆರಳು, ಇದೇ ಬಿಲ್ಲು, ಇಲ್ಲಿ ಎಳಿ, ಇಲ್ಲಿ ತಳ್ಳು ಅಂತ ವಾರಗಟ್ಟಲೆ ತಿದ್ದಿದ್ರಂತೆ. ಗ್ರೀನ್‌ಹೌಸ್‌ಗೆ ಒಳಗೊಳಗೇ ಬೇಸರ, ನಾನು ಇವರ ಪ್ರತಿ ಆಗ್ತಿದೀನಲ್ಲ ಅಂತ, ಆದ್ರೂ ಕಲಿತ್ರು, ಕೊನೆಗೆ ಇಬ್ಬರೂ ಎದುರುಬದುರು ಕೂತು ಒಟ್ಟಿಗೆ ನುಡಿಸಿದ್ರೆ ಒಂದು ಬಿಲ್ಲಿನ ವ್ಯತ್ಯಾಸಾನೂ ಇಲ್ಲ ಅನ್ನೋ ಹಂತ ಬಂತು. ಆಗ ಕಸಾಲ್ಸ್, ಸರಿ ಈಗ ನೀನು ಸುಮ್ನೆ ಕೂತ್ಕೋ ಕೇಳು ಅಂದು, ಅದೇ ಸೂಟನ್ನ ಶುರುವಿಂದ ಕೊನೆವರೆಗೆ ನುಡಿಸಿದ್ರು, ಒಂದೇ ಒಂದು ಬೆರಳು, ಒಂದೇ ಒಂದು ಬಿಲ್ಲು ಹೇಳಿಕೊಟ್ಟ ಹಾಗೆ ಇರಲಿಲ್ಲ, ಎಲ್ಲ ಬೇರೆ, ಆಗ ತಾನೇ ಹುಟ್ಟಿದ ಹಾಗೆ. ಕಲಿತದ್ದನ್ನ ಪೂರ್ತಿ ಕರಗಿಸ್ಕೊಂಡ ಮೇಲೆ ಬಿಟ್ಟುಬಿಡೋಕೆ ಬರಬೇಕು, ಅದು ಆ ದಿನದ ಪಾಠ. ನಮ್ಮ ಮನೋಧರ್ಮ ಅನ್ನೋ ಮಾತಿಗೆ ಇದಕ್ಕಿಂತ ಹತ್ತಿರದ ಕಥೆ ನಾನು ಆ ಕಡೆಯ ಸಂಗೀತದಲ್ಲಿ ಕೇಳಿಲ್ಲ. ಈ ಕಥೆ ನೆನಪಲ್ಲಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಟ್ರಿಯೋ ಹುಟ್ಟಿದ್ದು ಒಂದು ರೆಕಾರ್ಡಿನ ಆಸೆಯಿಂದ. ಪ್ರೆಸ್ಲರ್ ಆಗ ಎಂಜಿಎಂ ಕಂಪನಿಗೆ ರೆಕಾರ್ಡ್ ಮಾಡ್ತಿದ್ರು, ಮೊಟ್ಸಾರ್ಟ್ ಟ್ರಿಯೋಗಳನ್ನ ಮಾಡ್ಬೇಕು ಅನ್ನಿಸ್ತು, ಗಿಲೆ ಅವರನ್ನ ಕೇಳಿದ್ರು, ಗಿಲೆ ಗ್ರೀನ್‌ಹೌಸ್ ಹೆಸರು ಹೇಳಿದ್ರು. ಅಷ್ಟೇ, ಒಂದು ರೆಕಾರ್ಡಿಗೆ ಅಂತ. ಆಗ ಪ್ರೆಸ್ಲರ್‌ಗೆ 31, ಗ್ರೀನ್‌ಹೌಸ್‌ಗೆ 39, ಗಿಲೆಗೆ 56. ಆಮೇಲೆ ಬೆರಳೆಣಿಕೆಯಷ್ಟು ಕಛೇರಿ ಒಪ್ಕೊಂಡ್ರು, ಅದೇ ಹೊತ್ತಿಗೆ ಮ್ಯಾಸಚೂಸೆಟ್ಸ್‌ನ ಟ್ಯಾಂಗಲ್‌ವುಡ್ ಸಂಗೀತೋತ್ಸವಕ್ಕೆ ಬರಬೇಕಿದ್ದ ಬೇರೆ ಟ್ರಿಯೋ ಬರೋಕಾಗ್ಲಿಲ್ಲ, ಆ ಜಾಗಕ್ಕೆ ಇವರನ್ನ ಕರೆದ್ರು. 1955ರ ಜುಲೈ 13. ಬೋಸ್ಟನ್ ಸಿಂಫನಿ ಆರ್ಕೆಸ್ಟ್ರಾ ನಡೆಸ್ತಿದ್ದ ಷಾರ್ಲ್ ಮುಂಶ್ ಇವರನ್ನ ಕೇಳಿ, ನಾನು ಇಲ್ಲಿ ಇರೋವರೆಗೂ ನೀವು ಪ್ರತಿ ವರ್ಷ ಬನ್ನಿ ಅಂದ್ರು. ಇನ್ನೊಬ್ಬರ ಬದಲಿಗೆ ಬಂದೋರು, 53 ವರ್ಷ ಆದ ಮೇಲೆ ಅಮೆರಿಕದ ಕಡೇ ಕಛೇರೀನೂ ಅಲ್ಲೇ ಮಾಡಿದ್ರು.

ಅದೇ 1955ರಲ್ಲಿ ಪ್ರೆಸ್ಲರ್ ಇಂಡಿಯಾನಾ ಯೂನಿವರ್ಸಿಟಿಗೆ ಮೇಷ್ಟ್ರಾಗಿ ಸೇರಿದ್ರು, ಬ್ಲೂಮಿಂಗ್ಟನ್ ಊರು, ಅಲ್ಲಿ ಪಾಠ, ಅಲ್ಲಿಂದ ಕಛೇರಿ, ಮತ್ತೆ ವಾಪಸ್ ಪಾಠ, ಜೀವನ ಪೂರ್ತಿ ಹೀಗೇ. ಟ್ರಿಯೋದ ದಿನನಿತ್ಯ ಬಹಳ ಒರಟಾದ್ದು. ಪಿಟೀಲು ಚೆಲ್ಲೋದವರು ತಮ್ಮ ವಾದ್ಯ ತಾವು ಹೊತ್ಕೊಂಡು ಹೋಗ್ತಾರೆ, ಗ್ರೀನ್‌ಹೌಸ್ ಹತ್ರ ಮುಂದೆ ಇಟಲಿಯ ಹೆಸರಾಂತ ವಾದ್ಯ ತಯಾರಕ ಸ್ಟ್ರಾಡಿವೇರಿ 1707ರಲ್ಲಿ ಮಾಡಿದ ಒಂದು ಚೆಲ್ಲೋ ಬಂತು, ಹಿಂದೊಮ್ಮೆ ಪಿಟೀಲು ಮಾಂತ್ರಿಕ ಪಗನೀನಿ ಹತ್ರ ಇತ್ತು ಅಂತ ಹೇಳೋ ಚೆಲ್ಲೋ, ಮಗು ತರ ನೋಡ್ಕೊಂಡ್ರು ಅದನ್ನ. ಆದ್ರೆ ಪಿಯಾನೋದವರಿಗೆ ಆ ಭಾಗ್ಯ ಇಲ್ಲ, ಯಾವ ಊರಿಗೆ ಹೋದ್ರೆ ಆ ಊರಿನ ಪಿಯಾನೋ, ಅದು ಚೆನ್ನಾಗಿರಲಿ ಬಿಡಲಿ ಸಂಜೆ ಒಳಗೆ ಅದರ ಜೊತೆ ಸಂಸಾರ ಮಾಡ್ಕೋಬೇಕು. ವರ್ಷಕ್ಕೆ ನೂರಕ್ಕೂ ಹೆಚ್ಚು ಕಛೇರಿ ಮಾಡಿದ ವರ್ಷಗಳಿವೆ ಇವರದ್ದು. ಪ್ರೆಸ್ಲರ್ ಚಿಕ್ಕ ದೇಹದ ಮನುಷ್ಯ, ದೊಡ್ಡ ಪಿಯಾನೋ ಹಿಂದೆ ಕೂತಿರೋರು, ಆದ್ರೆ ಹಳೇ ವಿಡಿಯೋ ಯಾವುದನ್ನ ನೋಡಿದ್ರೂ ನಿಮ್ಮ ಕಣ್ಣು ಅವರ ಮುಖದ ಮೇಲೇ ನಿಲ್ಲುತ್ತೆ, ಯಾಕಂದ್ರೆ ಅವರು ತಮ್ಮ ಕೈ ನೋಡ್ಕೊಳ್ಳಲ್ಲ, ತಲೆ ಬಲಕ್ಕೆ ತಿರುಗಿಸಿ ಪಿಟೀಲು ಚೆಲ್ಲೋ ಕಡೇನೇ ನೋಡ್ತಿರ್ತಾರೆ, ಹುಬ್ಬು ಮೇಲೆತ್ತಿ, ತುಟಿ ಅಲುಗಿಸ್ತಾ, ಅವರ ಸಾಲನ್ನ ತಾವೇ ಹಾಡ್ತಿರೋ ಹಾಗೆ.

ಇದು ಬರೀ ಅಭ್ಯಾಸ ಅಲ್ಲ. ಕೆಲವು ವರ್ಷದ ಹಿಂದೆ ಬೆಂಗಳೂರಲ್ಲಿ ಹೊರಗಿನಿಂದ ಬಂದ ಒಂದು ಟ್ರಿಯೋಗೆ ಹಾಳೆ ತಿರುವೋಕೆ ನಂಗೆ ಅವಕಾಶ ಸಿಕ್ಕಿತ್ತು, ಪಿಯಾನೋದವರ ಎಡಗಡೆ ಒಂದು ಕುರ್ಚೀಲಿ ಕೂತು, ಎದ್ದು ಮೇಲಿನ ಮೂಲೆ ಹಿಡಿದು ಹಾಳೆ ತಿರುವೋದು. ಆವತ್ತು ನಂಗೆ ಎರಡು ವಿಷಯ ಕಣ್ಣಿಗೆ ಕಂಡ್ವು. ಒಂದು, ಪಿಟೀಲು ಚೆಲ್ಲೋದವರ ಸ್ಟ್ಯಾಂಡಲ್ಲಿ ಅವರವರ ಸಾಲು ಮಾತ್ರ ಇರುತ್ತೆ, ಪಿಯಾನೋದವರ ಪುಸ್ತಕದಲ್ಲಿ ಮಾತ್ರ ಮೂರೂ ಸಾಲು, ಮೇಲೆ ಪಿಟೀಲು, ಕೆಳಗೆ ಚೆಲ್ಲೋ, ಅದರ ಕೆಳಗೆ ಪಿಯಾನೋ. ಅಂದ್ರೆ ಪೂರ್ತಿ ಮನೆಯ ನಕ್ಷೆ ಒಬ್ಬರ ಹತ್ರ ಮಾತ್ರ, ಮಿಕ್ಕ ಇಬ್ಬರು ಕಿವಿಯಿಂದಲೇ ಮನೆ ಕಟ್ಕೋಬೇಕು. ಎರಡನೇದು, ಶುರು ಆಗೋ ಮುಂಚೆ ಯಾರೂ ಕೈ ಎತ್ತಲ್ಲ, ತಾಳ ಹಾಕಲ್ಲ. ಪಿಟೀಲಿನವರು ಮೂಗಿನಿಂದ ಒಂದು ಸಣ್ಣ ಉಸಿರು ಒಳಗೆ ಎಳ್ಕೊಂಡ್ರು, ಸಭೆಗೆ ಕೇಳಿಸೋಕೆ ಸಾಧ್ಯಾನೇ ಇಲ್ಲದಷ್ಟು ಸಣ್ಣದು, ಆ ಉಸಿರಿನ ಉದ್ದಾನೇ ಮುಂದಿನ ಕಾಲಪ್ರಮಾಣ. ಮೂರು ಜನ ಒಂದೇ ಸಲ ಇಳಿದ್ರು. ನನ್ನ ಕೈ ನಡುಗ್ತಿತ್ತು, ಆ ಉಸಿರು ಇವತ್ತಿಗೂ ಕಿವೀಲಿದೆ.

1960ರ ದಶಕದ ಕೊನೆಗೆ ಗಿಲೆ ಬಿಟ್ರು, ಎಪ್ಪತ್ತರ ಹತ್ರ ಬಂದಿದ್ರು ಆಗ. ಆ ಜಾಗಕ್ಕೆ ಬಂದೋರು ಇಸಿಡೋರ್ ಕೋಹೆನ್, ಬ್ರೂಕ್ಲಿನ್ ಹುಡುಗ, ಜೂಲಿಯಾರ್ಡ್ ಕ್ವಾರ್ಟೆಟ್‌ನಲ್ಲಿ ವರ್ಷಗಟ್ಟಲೆ ಎರಡನೇ ಪಿಟೀಲು ನುಡಿಸಿದೋರು. ಎರಡನೇ ಪಿಟೀಲು ಅನ್ನೋ ಮಾತನ್ನ ನಾವು ಕೀಳಾಗಿ ಬಳಸ್ತೀವಿ, ಆದ್ರೆ ಟ್ರಿಯೋಗೆ ಬೇಕಿದ್ದೇ ಅದು ಅಂತ ನನ್ನ ಅಭಿಪ್ರಾಯ, ಮೇಲೆ ಇನ್ನೊಬ್ಬರು ಹಾಡ್ತಿರುವಾಗ ಕೆಳಗಿಂದ ಬಣ್ಣ ಕೊಡೋದು ಹೇಗೆ ಅಂತ ದಿನಾ ಕಲಿತಿದ್ದ ಮನುಷ್ಯ. ಕೋಹೆನ್ ಗಿಲೆ ತರ ನುಡಿಸಲಿಲ್ಲ, ಯಾರೂ ಹಾಗೆ ನುಡಿಸು ಅಂತ ಕೇಳಿದ್ದೂ ಕಾಣೆ. ಗಿಲೆ ಪಿಟೀಲಲ್ಲಿ ಹಳೇ ಪ್ಯಾರಿಸ್ಸಿನ ವಾಸನೆ ಇದೆ, ದನಿ ತೆಳು, ಮಾತು ಚುರುಕು, ಪ್ರತಿ ಪದ ಬಿಡಿಬಿಡಿ. ಕೋಹೆನ್ ದನಿ ಅಗಲ, ಸಾವಧಾನ. ಬೀಥೋವನ್ ಟ್ರಿಯೋಗಳನ್ನೆಲ್ಲ ಫಿಲಿಪ್ಸ್ ಕಂಪನಿಗೆ 60ರ ದಶಕದಲ್ಲಿ ಗಿಲೆ ಜೊತೆ ಒಂದ್ಸಲ, ಆಮೇಲೆ 80ರ ಆಸುಪಾಸಲ್ಲಿ ಕೋಹೆನ್ ಜೊತೆ ಇನ್ನೊಂದ್ಸಲ ಮಾಡಿದ್ರು, ಪಕ್ಕಪಕ್ಕ ಇಟ್ಟು ಕೇಳಿದ್ರೆ ಪಿಟೀಲು ಮಾತ್ರ ಬದಲಾಗಿಲ್ಲ, ಪ್ರೆಸ್ಲರ್ ಬದಲಾಗಿದಾರೆ, ಗ್ರೀನ್‌ಹೌಸ್ ಬದಲಾಗಿದಾರೆ. ಹೊಸಬರು ಬಂದಾಗ ಹಳಬರು ನಮ್ಮ ಹಾಗೆ ಆಗು ಅನ್ನದೆ ತಾವೂ ಒಂದಿಷ್ಟು ಹೊಸಬರಾದ್ರು. ಪ್ರಾಡ್‌ನ ಆ ಪಾಠ ಇಲ್ಲಿ ಕೆಲಸ ಮಾಡಿದೆ ಅಂತ ನಂಗೆ ಬಲವಾಗಿ ಅನ್ಸುತ್ತೆ.

70ರ ದಶಕದಲ್ಲಿ ಈ ಮೂವರು ಮಾಡಿದ ದೊಡ್ಡ ಕೆಲಸ ಹೈಡನ್. 43 ಟ್ರಿಯೋ, ಎಲ್ಲಾನೂ. ಆಗ ಹೈಡನ್ ಟ್ರಿಯೋ ಅಂದ್ರೆ ಕಛೇರೀಲಿ ಜನ ಇನ್ನೂ ಬಂದು ಕೂತ್ಕೋತಿರೋವಾಗ ನುಡಿಸೋ ಒಂದೆರಡು ತುಂಡು ಅಷ್ಟೇ, ಮಿಕ್ಕಿದ್ದು ಅಟ್ಟದ ಮೇಲೆ. ಚೆಲ್ಲೋದವರಿಗೆ ಇದರಲ್ಲಿ ಏನಿದೆ ಅಂತ ಯೋಚನೆ ಮಾಡಿ, ಸ್ಟ್ರಾಡಿವೇರಿ ಚೆಲ್ಲೋ ಇಟ್ಕೊಂಡಿರೋ, ಕಸಾಲ್ಸ್ ಹತ್ರ ಕಲಿತಿರೋ ಮನುಷ್ಯ, ಬಹುಪಾಲು ಪಿಯಾನೋದ ಎಡಗೈ ಹಿಂದೆ ಹೋಗ್ಬೇಕು, 43 ಸಲ. ಆ ರೆಕಾರ್ಡಿಂಗ್‌ಗಳಲ್ಲಿ ಗ್ರೀನ್‌ಹೌಸ್ ಮಾಡಿರೋ ಕೆಲಸ ಸುಮ್ನೆ ಕೇಳಿದ್ರೆ ಗೊತ್ತೇ ಆಗಲ್ಲ. ಆ ಎಡಗೈ ಸಾಲಿಗೆ ಅವರು ಉಸಿರು ಕೊಟ್ಟಿದಾರೆ, ಪಿಯಾನೋ ಸ್ವರ ಹುಟ್ಟಿ ಆರೋಕೆ ಹೊರಟ ಜಾಗದಲ್ಲಿ ಚೆಲ್ಲೋ ಅದನ್ನ ಹಿಡ್ಕೊಂಡು ಒಂದು ಕೂದಲಷ್ಟು ಮುಂದೆ ಒಯ್ಯುತ್ತೆ, ಹಾಗಾಗಿ ಪ್ರೆಸ್ಲರ್ ಎಡಗೈ ಹಾಡ್ತಿದೆ ಅನ್ಸುತ್ತೆ, ಹೊಗಳಿಕೆ ಎಲ್ಲ ಪ್ರೆಸ್ಲರ್‌ಗೆ ಹೋಗುತ್ತೆ. ಇ ಮೇಜರ್ ಟ್ರಿಯೋ ಒಂದಿದೆ, ಲಂಡನ್ ಕಾಲದ್ದು, ಶುರುವಲ್ಲೇ ಪಿಟೀಲು ಚೆಲ್ಲೋ ಎರಡೂ ಬಿಲ್ಲು ಬಿಟ್ಟು ಬೆರಳಲ್ಲಿ ತಂತಿ ಮೀಟುತ್ತೆ, ಪಿಯಾನೋ ಅದೇ ಸ್ವರಗಳನ್ನ ಚುಟುಕು ಚುಟುಕಾಗಿ ಅದರ ಮೇಲೆ ಇಡುತ್ತೆ, ಮೂರೂ ಸೇರಿ ಯಾವುದೋ ನಾಲ್ಕನೇ ವಾದ್ಯ ಹುಟ್ಕೊಳ್ಳುತ್ತೆ, ವೀಣೆಗೂ ಗಂಟೆಗೂ ನಡುವಿನದ್ದು. 1979ರಲ್ಲಿ ಇಂಗ್ಲೆಂಡಿನ ಗ್ರಾಮಫೋನ್ ಪತ್ರಿಕೆ ಈ ಹೈಡನ್ ಸೆಟ್ಟಿಗೆ ವರ್ಷದ ರೆಕಾರ್ಡ್ ಅನ್ನೋ ಪ್ರಶಸ್ತಿ ಕೊಟ್ಟಿತು, ಅಲ್ಲಿಂದ ಹೈಡನ್ ಟ್ರಿಯೋಗಳು ಅಟ್ಟದಿಂದ ಇಳಿದ್ವು. ನನ್ನನ್ನ ಕೇಳಿದ್ರೆ ಇವರ ಇಡೀ ವೃತ್ತಿಜೀವನದಲ್ಲಿ ಇದಕ್ಕಿಂತ ದೊಡ್ಡ ಕೆಲಸ ಇಲ್ಲ. ನಾನು ಕಾಲೇಜಲ್ಲಿ ಇದ್ದಾಗ ಸ್ನೇಹಿತರೊಬ್ಬರು ಕೊಟ್ಟ ಹೆಸರಿಲ್ಲದ ಕ್ಯಾಸೆಟ್ಟಲ್ಲಿ ಮೊದಲು ಕೇಳಿದ್ದೂ ಇದನ್ನೇ.

1987ರಲ್ಲಿ ಗ್ರೀನ್‌ಹೌಸ್ ಬಿಟ್ರು, 71 ವಯಸ್ಸು. ಬಂದೋರು ಪೀಟರ್ ವೈಲಿ, ಟ್ರಿಯೋ ಹುಟ್ಟಿದ ವರ್ಷಾನೇ ಹುಟ್ಟಿದೋರು. 1992ರಲ್ಲಿ ಕೋಹೆನ್ ಬಿಟ್ಟು ಐಡಾ ಕವಾಫಿಯನ್ ಬಂದ್ರು. ಆರು ವರ್ಷ ಆಯ್ತು, 1998ರಲ್ಲಿ ಇಬ್ಬರೂ ಒಟ್ಟಿಗೇ ಬಿಟ್ರು. ಪ್ರೆಸ್ಲರ್‌ಗೆ 74. ಎರಡು ಕುರ್ಚಿ ಒಂದೇ ಸಲ ಖಾಲಿ ಅಂದ್ರೆ ಯಾರಾದ್ರೂ ಇಷ್ಟಕ್ಕೆ ಸಾಕು ಅನ್ನೋರು, ಯಾಕಂದ್ರೆ ಒಬ್ಬರು ಹೊಸಬರು ಬಂದ್ರೆ ಇಬ್ಬರು ಹಳಬರು ದಾರಿ ತೋರಿಸ್ತಾರೆ, ಇಬ್ಬರು ಹೊಸಬರು ಬಂದ್ರೆ ಒಬ್ಬರ ನೆನಪಲ್ಲಿ ಎಷ್ಟು ಇದೆಯೋ ಅಷ್ಟೇ ಆಸ್ತಿ. ಅವರು ನಿಲ್ಲಿಸಲಿಲ್ಲ. ಕೊರಿಯಾದ ಯಂಗ್ ಉಕ್ ಕಿಮ್ ಪಿಟೀಲಿಗೆ, ಬ್ರೆಜಿಲ್‌ನ ಆಂಟೋನಿಯೋ ಮೆನೆಸೆಸ್ ಚೆಲ್ಲೋಗೆ, ಮೆನೆಸೆಸ್ ಆಗಲೇ 1982ರ ಚೈಕೋವ್‌ಸ್ಕಿ ಸ್ಪರ್ಧೆ ಗೆದ್ದು ಹೆಸರಾಂತ ಆರ್ಕೆಸ್ಟ್ರಾ ನಿರ್ದೇಶಕ ಕರಾಯನ್ ಜೊತೆ ರೆಕಾರ್ಡ್ ಮಾಡಿದ್ದ ಸೋಲೋ ಕಲಾವಿದ. 2002ರಲ್ಲಿ ಕಿಮ್ ಜಾಗಕ್ಕೆ ಡೇನಿಯಲ್ ಹೋಪ್ ಬಂದ್ರು, ಡರ್ಬನ್‌ನಲ್ಲಿ ಹುಟ್ಟಿದೋರು, ಮೂವತ್ತೂ ತುಂಬಿರಲಿಲ್ಲ. ಪ್ರೆಸ್ಲರ್‌ಗೂ ಅವರಿಗೂ 50 ವರ್ಷ ಅಂತರ, ತಾತ ಮೊಮ್ಮಗನ ಲೆಕ್ಕ. ಶುರುವಲ್ಲಿ ಪ್ರೆಸ್ಲರ್ ಎಲ್ಲರಿಗಿಂತ ಚಿಕ್ಕೋರು, ಗಿಲೆ ಹತ್ರ ಬೈಸ್ಕೊಂಡು ಕಲಿತೋರು, ಕೊನೇಲಿ ಅವರೇ ಹಿರಿಯರು, ಅದೇ ಕುರ್ಚಿ. ಆ ಕೊನೇ ತಂಡದ ರೆಕಾರ್ಡಿಂಗ್ ಕೇಳಿ, 50ನೇ ವರ್ಷಕ್ಕೆ ಮಾಡಿದ ಮೆಂಡೆಲ್ಸನ್ ಮತ್ತು ದ್ವೋರ್ಝಾಕ್, ಮುದುಕರ ಸಂಗೀತ ಅಂತ ಎಲ್ಲೂ ಅನ್ನಿಸಲ್ಲ, ಎಲ್ಲೋ ಕೆಲವು ಕಡೆ ಪಿಯಾನೋದ ಬೆರಳು ಮೊದಲಿನಷ್ಟು ಮುತ್ತು ಪೋಣಿಸಿದ ಹಾಗೆ ಇಲ್ಲ, ನಿಜ, ಆದ್ರೆ ಕಿವಿ ಇನ್ನೂ ಹರಿತ ಆಗಿದೆ.

ಹೋಪ್ ತಮ್ಮ ಸ್ವಂತ ಕೆಲಸಗಳಿಗೆ ಹೋಗ್ತೀನಿ ಅಂದಾಗ ಪ್ರೆಸ್ಲರ್ ಈ ಸಲ ಬೇರೆಯವರನ್ನ ಹುಡುಕಲಿಲ್ಲ. 2008ರ ಆಗಸ್ಟ್ 21, ಟ್ಯಾಂಗಲ್‌ವುಡ್, ಷೂಬರ್ಟ್‌ನ ಎರಡೂ ಟ್ರಿಯೋ. ಸೆಪ್ಟೆಂಬರ್‌ನಲ್ಲಿ ಸ್ವಿಟ್ಜರ್ಲೆಂಡಿನ ಲೂಸರ್ನ್‌ನಲ್ಲಿ ಕೊನೇದು. ಅಲ್ಲಿಗೆ ಟ್ರಿಯೋ ಮುಗೀತು, ಮನುಷ್ಯ ಮುಗೀಲಿಲ್ಲ. ಅದೇ ನವೆಂಬರ್‌ನಲ್ಲಿ, ಅಪ್ಪನ ಅಂಗಡಿ ಒಡೆದ ಆ ರಾತ್ರಿಗೆ 70 ವರ್ಷ ತುಂಬಿದಾಗ, ಜರ್ಮನಿಗೆ ಹೋಗಿ ನುಡಿಸಿದ್ರು. ಮಾಗ್ಡೆಬುರ್ಗ್ ಊರು ಅವರನ್ನ ಗೌರವ ನಾಗರಿಕ ಅಂತ ಕರೀತು, ಕಳ್ಕೊಂಡಿದ್ದ ಜರ್ಮನ್ ಪೌರತ್ವಾನೂ ವಾಪಸ್ ತಗೊಂಡ್ರು. 90 ತುಂಬಿದ ಮೇಲೆ, 2014ರ ಜನವರೀಲಿ, ಜೀವನದಲ್ಲಿ ಮೊದಲ ಸಲ ಬರ್ಲಿನ್ ಫಿಲ್‌ಹಾರ್ಮೋನಿಕ್ ಜೊತೆ ಮೊಟ್ಸಾರ್ಟ್, ಅದೇ ವರ್ಷದ ಕೊನೇ ರಾತ್ರಿ ಆ ಆರ್ಕೆಸ್ಟ್ರಾ ನಡೆಸ್ತಿದ್ದ ಸೈಮನ್ ರ‍್ಯಾಟಲ್ ಜೊತೆ ಮತ್ತೆ. ಅದರ ವಿಡಿಯೋ ನೋಡಿದ್ರೆ ಎದುರಿಗೆ ಇಡೀ ಆರ್ಕೆಸ್ಟ್ರಾ ಇದ್ರೂ ಅವರು ಮಾಡ್ತಿರೋದು ಟ್ರಿಯೋದಲ್ಲಿ ಮಾಡಿದ್ದೇ, ಕ್ಲಾರಿನೆಟ್ ಹಾಡಿದ್ರೆ ಆ ಕಡೆ ತಿರುಗೋದು, ಕೊಳಲು ಬಂದ್ರೆ ಈ ಕಡೆ ತಿರುಗೋದು. 2023ರ ಮೇ 6ಕ್ಕೆ ಲಂಡನ್ನಲ್ಲಿ ತೀರ್ಕೊಂಡ್ರು, 99 ವರ್ಷ. ಗಿಲೆ 1990ರಲ್ಲಿ, ಕೋಹೆನ್ 2005ರಲ್ಲಿ, ಗ್ರೀನ್‌ಹೌಸ್ 2011ರಲ್ಲಿ 95ನೇ ವಯಸ್ಸಲ್ಲಿ ಹೋಗಿದ್ರು. ಮೆನೆಸೆಸ್ 2024ರಲ್ಲಿ ಹೋದ್ರು, ಇನ್ನೂ 66.

ಸರಿ, ಮಾತು ಸಾಕು, ಈಗ ಕೇಳೋಣ. ಷೂಬರ್ಟ್‌ನ ಇ ಫ್ಲ್ಯಾಟ್ ಟ್ರಿಯೋ, ಎರಡನೇ ಭಾಗ, ಅವನು ಸಾಯೋಕೆ ಒಂದು ವರ್ಷ ಮುಂಚೆ 1827ರಲ್ಲಿ ಬರೆದಿದ್ದು. ಪಿಯಾನೋ ಹೆಜ್ಜೆ ಹಾಕೋ ಹಾಗೆ ಶುರು ಮಾಡುತ್ತೆ, ಅದರ ಮೇಲೆ ಚೆಲ್ಲೋ ಹಾಡುತ್ತೆ, ಪಿಟೀಲು ಸುಮ್ನೆ ಕಾಯ್ತಿರುತ್ತೆ. ಆಮೇಲೆ ಹಾಡು ಪಿಯಾನೋಗೆ ಹೋಗುತ್ತೆ, ಈಗ ಹೆಜ್ಜೆ ಹಾಕೋ ಸರದಿ ಪಿಟೀಲು ಚೆಲ್ಲೋದ್ದು. ಎರಡು ರೆಕಾರ್ಡಿಂಗ್ ತಂದಿದೀನಿ, ಒಂದು 60ರ ದಶಕದ್ದು ಗಿಲೆ ಜೊತೆ, ಇನ್ನೊಂದು 80ರ ದಶಕದ್ದು ಕೋಹೆನ್ ಜೊತೆ, ಎರಡರಲ್ಲೂ ಪಿಯಾನೋ ಪ್ರೆಸ್ಲರ್, ಚೆಲ್ಲೋ ಗ್ರೀನ್‌ಹೌಸ್. ಹಾಡು ಯಾರ ಹತ್ರ ಇದೆಯೋ ಅವರನ್ನ ಕೇಳೋದು ಬೇಡ, ಅದು ತಾನಾಗೇ ಕಿವಿಗೆ ಬರುತ್ತೆ. ಹಾಡು ಪಿಯಾನೋಗೆ ಹೋದ ಮೇಲೆ ಪಿಟೀಲು ಆ ಸಣ್ಣ ಸಣ್ಣ ಹೆಜ್ಜೆಗಳನ್ನ ಹೇಗೆ ಇಡುತ್ತೆ ಅಂತ ಮಾತ್ರ ಕೇಳಿ, ಗಿಲೆ ಹೇಗೆ, ಕೋಹೆನ್ ಹೇಗೆ, ಅವರು ಹಾಗೆ ಇಟ್ಟಿದ್ದಕ್ಕೆ ಪ್ರೆಸ್ಲರ್ ಏನು ಬದಲಾಯಿಸ್ಕೊಂಡ್ರು. ಫ್ಯಾನ್ ಒಂದು ನಿಮಿಷ ಆಫ್ ಮಾಡ್ತೀರಾ, ಸದ್ದಾಗುತ್ತೆ. ಹಾಂ, ಈಗ ಹಾಕಿ, ಮೊದಲು ಗಿಲೆ ಅವರದ್ದು.